ಮಾಳಿಗೆಯಿಂದ ಫ್ರೀಜರ್‌ವರೆಗೆ: ನಮ್ಮ ಗಡಿಭಾಗದ ಕರಿದ ತಿಂಡಿಯ ಚರಿತ್ರೆ



ಈ ಸಲದ ಕ್ರಿಸ್ತಜಯಂತಿಯ ಸಂಜೆ ಚಹಾದ ಜೊತೆ ಏನು ಕೊಡಬೇಕು ಎಂಬ ಮಾತು ನಮ್ಮ ಯುವಕೂಟದಲ್ಲಿ ಎದ್ದಿದೆ. ಸೂಪರ್ ಮಾರ್ಕೆಟ್‌ನಿಂದ ಫ್ರೋಜನ್ ನಗೆಟ್ಸ್, ಆಲೂ ಟಿಕ್ಕಿ, ಮಿನಿ ಸಮೋಸಾ ಪಾಕೀಟುಗಳನ್ನು ತಂದು ಕರಿದರೆ ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ತಾಯಂದಿರ ಸಂಘದವರು ವರ್ಷವೂ ಸಂಡಿಗೆ, ಹಪ್ಪಳ, ಭಜಿ ಮಾಡಿಕೊಡುತ್ತಿರುವಾಗ ಅಂಗಡಿಯ ಪಾಕೀಟು ಯಾಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ನೋಡಲು ಇದು ಚಹಾ ತಿಂಡಿಯ ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ಬಿಸಿಲು, ಬರ, ಭೂಕಂಪ, ಕರೆಂಟು ಎಲ್ಲವೂ ಇವೆ. ಆದ್ದರಿಂದ ತೀರ್ಮಾನಕ್ಕೆ ಮೊದಲು ಚರಿತ್ರೆಯನ್ನು ಒಮ್ಮೆ ನೋಡೋಣ.

ಬಿಸಿಲೇ ನಮ್ಮ ಕಾರ್ಖಾನೆ

ನಮ್ಮ ಊರುಗಳ ವಿಳಾಸ ಹಲವು ಸಲ ಬದಲಾಗಿದೆ. ಉದಗೀರ ಮತ್ತು ನಿಲಂಗಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಆದಾಗ ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಹೋದವು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಅದೇ ಮಹಾರಾಷ್ಟ್ರವಾಯಿತು. 1982ರಲ್ಲಿ ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು ಲಾತೂರ್ ಜಿಲ್ಲೆ ಮಾಡಿದರು. ಉಮರ್ಗಾ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ್ ಎಂದು ಹೆಸರು.

ಕಾಗದದ ಮೇಲೆ ಗಡಿ ಎಳೆದರೂ ಮಾಳಿಗೆಯ ಮೇಲೆ ಯಾರೂ ಗೆರೆ ಎಳೆಯಲಿಲ್ಲ. ಭಾಲ್ಕಿಯ ಮನೆಯಲ್ಲಿ ಕುರಡಿಗೆ ಎಂದು ಕರೆದದ್ದನ್ನು ಉದಗೀರದ ನೆರೆಮನೆಯವರು ಕುರಡಯಿ ಎಂದರು, ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಎರಡೂ ಕಡೆಯ ಹೆಂಗಸರು ಅದೇ ಕೆಲಸಕ್ಕೆ ಕೂತರು.

ಆ ಕೆಲಸ ಎಷ್ಟು ದೊಡ್ಡದು ಎಂಬುದು ನಮ್ಮ ವಯಸ್ಸಿನವರಿಗೆ ಸರಿಯಾಗಿ ತಿಳಿದಿಲ್ಲ. ಕುರಡಿಗೆಗೆ ಗೋಧಿಯನ್ನು ಮೂರು ದಿನ ನೆನೆಹಾಕಬೇಕು, ದಿನವೂ ನೀರು ಬದಲಿಸಬೇಕು. ನಾಲ್ಕನೆಯ ದಿನ ರುಬ್ಬಿ, ಹಿಂಡಿ, ಹಾಲು ತೆಗೆದು, ಅದು ತಳಕ್ಕೆ ಕೂರುವವರೆಗೆ ಬಿಡಬೇಕು. ಮರುದಿನ ನಸುಕಿನಲ್ಲಿ ಎದ್ದು ಉಪ್ಪು ಹಾಕಿ ಒಲೆಯ ಮೇಲೆ ಗಂಟಾಗದಂತೆ ತಿರುವುತ್ತ ಇರಬೇಕು. ಬಿಸಿ ಆರುವ ಮೊದಲೇ ಒರಳಿಗೆ ತುಂಬಿ ಬಟ್ಟೆಯ ಮೇಲೆ ಒತ್ತಬೇಕು. ಆಮೇಲೆ ಎರಡು ಮೂರು ದಿನ ಕಾಗೆ, ಆಡು, ಮಕ್ಕಳು ಈ ಮೂವರಿಂದಲೂ ಕಾಯಬೇಕು. ಹಪ್ಪಳ, ಶ್ಯಾವಿಗೆ, ಸಾಬೂದಾಣಿ ಸಂಡಿಗೆ, ಬಾಳಕದ ಮೆಣಸಿನಕಾಯಿ, ಇವಕ್ಕೆಲ್ಲ ಇಂಥದ್ದೇ ಶ್ರಮ. ಒಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದ ಓಣಿಯ ಐದಾರು ಮನೆಯವರು ಒಂದು ದಿನ ಇವರ ಮಾಳಿಗೆ, ಇನ್ನೊಂದು ದಿನ ಅವರ ಮಾಳಿಗೆ ಎಂದು ಸರದಿ ಮಾಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಯಾತಕ್ಕೆ? ಹೇಳದೆ ಬರುವ ಬೀಗರಿಗಾಗಿ. ಡಬ್ಬಿಯಿಂದ ನಾಲ್ಕು ತೆಗೆದು ಕಾದ ಎಣ್ಣೆಗೆ ಬಿಟ್ಟರೆ ಕಣ್ಣೆದುರೇ ಅರಳುತ್ತದೆ. ಇಂದಿನ ಪಾಕೀಟಿನ ಮೇಲೆ ಬರೆಯುವ ‘ರೆಡಿ ಟು ಫ್ರೈ’ ಎಂಬ ಮಾತು ನಮ್ಮಲ್ಲಿ ಹೊಸದಲ್ಲ, ಹೆಸರು ಮಾತ್ರ ಹೊಸದು.

ಇದರ ವಿಜ್ಞಾನವೂ ಸರಳ. ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಬಿಸಿಲು ಆ ನೀರನ್ನು ತೆಗೆದುಬಿಡುತ್ತದೆ. ಉಪ್ಪು ಹಾಕುವುದೂ ಇದೇ ಕೆಲಸಕ್ಕೆ. ಯೇಸುಸ್ವಾಮಿ ಓಡಾಡಿದ ಗಲಿಲೇಯ ಸರೋವರದ ದಡದಲ್ಲೂ ಮೀನಿಗೆ ಉಪ್ಪು ಹಾಕಿ ಕೆಡದಂತೆ ಇಡುವ ಉದ್ಯೋಗವಿತ್ತು. ಮಗ್ದಲದ ಮರಿಯಳ ಊರು ಎಂದು ನಾವು ತಿಳಿದಿರುವ ಊರನ್ನು ಗ್ರೀಕ್ ಭಾಷೆಯ ತಾರಿಖೇಯೆ ಎಂಬ ಊರಿನೊಂದಿಗೆ ಅನೇಕ ಪಂಡಿತರು ಗುರುತಿಸುತ್ತಾರೆ. ಆ ಹೆಸರು ಬಂದದ್ದೇ ಉಪ್ಪು ಹಾಕಿದ ಮೀನಿನಿಂದ.

ಮಾಳಿಗೆಯೂ ಕೈಕೊಟ್ಟ ದಿನಗಳು

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಿ ಮುಗಿಸಿದರೆ ಅದು ಚರಿತ್ರೆಯಾಗುವುದಿಲ್ಲ. ಬಿಸಿಲಿನ ಕಾರ್ಖಾನೆಯೂ ಹಲವು ಸಲ ನಿಂತಿದೆ.

1972ರ ಬರವನ್ನು ನಮ್ಮ ಮುತ್ಯಾ, ಆಯಿಯವರ ಬಾಯಲ್ಲಿ ಕೇಳಿರುತ್ತೀರಿ. ಬಿಸಿಲಿಗೆ ಕೊರತೆ ಇರಲಿಲ್ಲ, ಆದರೆ ನೆನೆಹಾಕಲು ಗೋಧಿಯೂ ಇಲ್ಲ, ನೀರೂ ಇಲ್ಲ. ಜನ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದರು, ಕೆರೆಯ ಮಣ್ಣು ಹೊತ್ತರು. ಆ ಕಾಲದ ಊಟವೆಂದರೆ ಹೊರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳ, ಮತ್ತು ಕೆಲಸಗಾರರಿಗೆ ಹಂಚುತ್ತಿದ್ದ ಸುಕಡಿ ಎಂಬ ಪುಷ್ಟಿಯ ಒಣ ತಿಂಡಿ. ಮರಾಠವಾಡದ ಹಳಬರಿಗೆ ಈ ಎರಡು ಹೆಸರು ಹೇಳಿ ನೋಡಿ, ಒಂದು ತಾಸು ಕಥೆ ಹೇಳುತ್ತಾರೆ. ಹೊರಗೆ ತಯಾರಾಗಿ ಚೀಲದಲ್ಲಿ ಬಂದ ತಿಂಡಿ ನಮ್ಮ ಎಷ್ಟೋ ಹಳ್ಳಿಗಳಿಗೆ ಮೊದಲು ಮುಟ್ಟಿದ್ದು ಹಸಿವಿನ ಮೂಲಕ, ಅಂಗಡಿಯ ಮೂಲಕ ಅಲ್ಲ. ಆ ಬರದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು.

2016ರಲ್ಲಿ ಮತ್ತೆ ಅದೇ ಸ್ಥಿತಿ. ಏಪ್ರಿಲ್ 12ರಂದು ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಮೊದಲ ರೈಲಿನ 10 ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್. ಸಂಡಿಗೆ ಹಾಕುವ ತಿಂಗಳೇ ಅದು. ಕುಡಿಯುವ ನೀರಿಗೆ ಕೊಡ ಹಿಡಿದು ಸರದಿಯಲ್ಲಿ ನಿಂತವರು ಗೋಧಿಗೆ ಮೂರು ದಿನ ನೀರು ಬದಲಿಸುವುದು ಹೇಗೆ?

ಇವೆರಡರ ನಡುವೆ 1993ರ ಸೆಪ್ಟೆಂಬರ್ 30 ಬರುತ್ತದೆ. ಗಣಪತಿ ವಿಸರ್ಜನೆ ಮುಗಿದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಔಸಾ ಮತ್ತು ಉಮರ್ಗಾ ತಾಲೂಕುಗಳಿಗೆ ಹೆಚ್ಚಿನ ಪೆಟ್ಟು ಬಿತ್ತು. ಸುಮಾರು 10,000 ಜನ ತೀರಿಕೊಂಡರು. ಅಷ್ಟು ಜನ ಸತ್ತದ್ದು ಹೆಚ್ಚಾಗಿ ಮನೆಗಳ ಕಟ್ಟಣೆಯಿಂದ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಕಟ್ಟಿಗೆ ಹಾಸಿ ಅಡಿಗಟ್ಟಲೆ ಮಣ್ಣು ಹೊದಿಸಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಟ್ಟು, ಸಂಡಿಗೆ ಒಣಗಿಸಿಕೊಟ್ಟ ಅದೇ ಮಾಳಿಗೆ ಮಲಗಿದವರ ಮೇಲೆ ಬಿತ್ತು. ಆಮೇಲೆ 50ಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಹೊಸ ಮನೆಗಳು ಗಟ್ಟಿಯಾದವು, ದೂರ ದೂರವೂ ಆದವು. ಹಳೆಯ ಓಣಿಯ ಐದಾರು ಮನೆಗಳ ಸರದಿ ಹಲವು ಕಡೆ ಅಲ್ಲಿಗೆ ಮುರಿಯಿತು. ಈ ಸಾಲುಗಳನ್ನು ಓದುವ ಎಷ್ಟೋ ಕುಟುಂಬಗಳಿಗೆ ಇದು ಚರಿತ್ರೆಯಲ್ಲ, ಮನೆಯ ನೆನಪು. ಅವರೆಲ್ಲರನ್ನು ಪ್ರಾರ್ಥನೆಯಲ್ಲಿ ನೆನೆಯೋಣ.

ಹಿಮದಿಂದ ಬಂದ ದಾರಿ

ಇನ್ನು ಫ್ರೀಜರ್‌ನ ಕಡೆಗೆ ಬರೋಣ. ಹೆಪ್ಪುಗಟ್ಟಿಸಿ ಇಡುವುದು ಶೀತ ದೇಶದವರ ಸಂಡಿಗೆ ಎನ್ನಬಹುದು. ನಮಗೆ ಬಿಸಿಲು ಪುಕ್ಕಟೆ, ಅವರಿಗೆ ಚಳಿ ಪುಕ್ಕಟೆ.

ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವನು 1912ರಲ್ಲಿ ಇಂದಿನ ಕೆನಡಾದ ಲ್ಯಾಬ್ರಡಾರ್‌ಗೆ ಹೋಗಿ ಕೆಲವು ವರ್ಷ ಅಲ್ಲಿದ್ದ. ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಆ ಕೊರೆಯುವ ಗಾಳಿಗೆ ಕ್ಷಣದಲ್ಲಿ ಕಲ್ಲಾಗುತ್ತಿತ್ತು. ತಿಂಗಳುಗಳ ನಂತರ ಬೇಯಿಸಿದರೂ ಹೊಸ ಮೀನಿನ ರುಚಿ. ಕಾರಣ ಇಷ್ಟು. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಆಹಾರದ ಕಣಗಳನ್ನು ಸೀಳುತ್ತವೆ. ಕರಗಿದಾಗ ನೀರು ಸೋರಿ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿ ಕಡಿಮೆ. ಕ್ಲಾರೆನ್ಸ್ ಊರಿಗೆ ಮರಳಿ ಅದಕ್ಕೆ ಯಂತ್ರ ಮಾಡಿದ. 1930ರ ಮಾರ್ಚ್ 6ರಂದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ಅಂಗಡಿಗಳಲ್ಲಿ ಆ ರೀತಿಯ ಫ್ರೋಜನ್ ಆಹಾರ ಜನರ ಕೈಗೆ ಬಂತು.

ನಮ್ಮ ದೇಶಕ್ಕೆ ಹೊರಗಿನ ಮಂಜು ಬಂದದ್ದು ಅದಕ್ಕೂ ಮೊದಲು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್‌ನಿಂದ ಹಡಗಿನಲ್ಲಿ ಮಂಜಿನ ಗಡ್ಡೆಗಳನ್ನು ಕಲ್ಕತ್ತಾಕ್ಕೆ ಕಳಿಸಿದ. ಅದು ಸಾಹೇಬರ ಪಾನೀಯಕ್ಕೆ, ಬಡವರ ಅಡುಗೆಮನೆಗಲ್ಲ. ಭಾರತದಲ್ಲೇ ತಯಾರಾದ ಫ್ರಿಜ್ ಗೋದ್ರೆಜ್‌ನಿಂದ ಬಂದದ್ದು 1958ರಲ್ಲಿ. ದಿಲ್ಲಿಯಲ್ಲಿ 1988ರಲ್ಲಿ ಆರಂಭವಾದ ಸಫಲ್ ಮುಂದೆ ಫ್ರೋಜನ್ ಬಟಾಣಿಯನ್ನು ಮಧ್ಯಮ ವರ್ಗದ ಮನೆಗೆ ತಂದಿತು. ಕೆನಡಾದಲ್ಲಿ 1957ರಲ್ಲಿ ಹುಟ್ಟಿದ ಮೆಕೇನ್ ಕಂಪನಿ 1990ರ ದಶಕದ ಕೊನೆಗೆ ಭಾರತಕ್ಕೆ ಬಂದು, ಆಮೇಲೆ ಗುಜರಾತಿನ ಮೆಹಸಾಣಾದಲ್ಲಿ ಕಾರ್ಖಾನೆ ಹಾಕಿತು. ಫ್ರೆಂಚ್ ಫ್ರೈ ಮಾರಲು ಬಂದವರು ನಮ್ಮ ಆಲೂ ಟಿಕ್ಕಿಯನ್ನೂ ಹೆಪ್ಪುಗಟ್ಟಿಸಿ ನಮಗೇ ಮಾರಿದರು! ಕೋಳಿಯ ಕಡೆಯಿಂದ ವೆಂಕೀಸ್ ಬಂತು. ಅದರ ಮೂಲ ಸಂಸ್ಥೆ 1971ರಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಶುರುವಾದದ್ದು. 2002ರಲ್ಲಿ ಮುಂಬೈಯ ಪವಯಿಯಲ್ಲಿ ಡಿಮಾರ್ಟ್‌ನ ಮೊದಲ ಅಂಗಡಿ ತೆರೆದ ಮೇಲೆ ಕಡಿಮೆ ದರದ ಸೂಪರ್ ಮಾರ್ಕೆಟ್ ಎಂಬುದು ದೊಡ್ಡ ಊರಿನವರ ಸೊತ್ತಾಗಿ ಉಳಿಯಲಿಲ್ಲ.

ಆದರೆ ಫ್ರೀಜರ್‌ಗೆ ಒಂದು ಷರತ್ತಿದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಆದರೆ ಎಲ್ಲವೂ ಸಾಯುವುದೂ ಇಲ್ಲ. ಸುಮ್ಮನೆ ಕಾಯುತ್ತಿರುತ್ತವೆ. ಕರಗಿತೆಂದರೆ ಮತ್ತೆ ಏಳುತ್ತವೆ. ಆದ್ದರಿಂದ ಕಾರ್ಖಾನೆ, ಲಾರಿ, ಗೋದಾಮು, ಅಂಗಡಿ, ಮನೆ, ಈ ಐದೂ ಕಡೆ ಚಳಿ ತುಂಡಾಗಬಾರದು. 2005ರ ನಂತರದ ಕೆಲವು ವರ್ಷ ಮಹಾರಾಷ್ಟ್ರದ ಹಳ್ಳಿಗಳಲ್ಲಿ ದಿನಕ್ಕೆ ಎಷ್ಟು ತಾಸು ಲೋಡ್‌ಶೆಡ್ಡಿಂಗ್ ಇತ್ತೆಂದು ಮನೆಯಲ್ಲಿ ಕೇಳಿ. ಕಂದೀಲಿನ ಬೆಳಕಿನಲ್ಲಿ ಅಭ್ಯಾಸ ಮಾಡಿದ ಊರಿಗೆ ಫ್ರೋಜನ್ ಪಾಕೀಟು ಬರುವುದಾದರೂ ಹೇಗೆ? ಅದಕ್ಕೇ ನಮಗೆ ಅದು ತಡವಾಗಿ ತಲುಪಿತು.

ನಾವು ಕರಿದು ನೋಡಿದ್ದು

ಚರಿತ್ರೆಯ ಜೊತೆಗೆ ಸ್ವಲ್ಪ ಪ್ರಯೋಗವೂ ಇರಲಿ ಎಂದು ನಮ್ಮ ಯುವಕೂಟದವರು ಜಿಲ್ಲಾ ಊರಿನ ಒಂದು ಸೂಪರ್ ಮಾರ್ಕೆಟ್‌ನಿಂದ ಅಗ್ಗದ ಐದು ಪಾಕೀಟು ತಂದೆವು: ಫ್ರೆಂಚ್ ಫ್ರೈ, ಆಲೂ ಟಿಕ್ಕಿ, ವೆಜ್ ನಗೆಟ್ಸ್, ಮಿನಿ ಸಮೋಸಾ, ಚಿಕನ್ ನಗೆಟ್ಸ್. ಹಳೆಯ ಪೇಪರಿನಲ್ಲಿ ದಪ್ಪಗೆ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು, ಎಸ್‌ಟಿ ಬಸ್ಸಿನಲ್ಲಿ ತಂದು, ರವಿವಾರ ಬಲಿಪೂಜೆಯ ನಂತರ ಕರಿದೆವು. ತಾಯಂದಿರೂ ಮಕ್ಕಳೂ ತೀರ್ಪುಗಾರರು.

ಆಲೂ ಟಿಕ್ಕಿಗೆ ಎಲ್ಲರಿಂದ ಒಳ್ಳೆಯ ಮಾತು ಬಂತು. ಹೊರಗೆ ಗರಿ, ಒಳಗೆ ಮೆತ್ತಗೆ, ಖಾರ ಸ್ವಲ್ಪ ಕಡಿಮೆ. ಚಿಕನ್ ನಗೆಟ್ಸ್ ಮಕ್ಕಳ ಕೈಯಲ್ಲಿ ಎರಡು ನಿಮಿಷ ಉಳಿಯಲಿಲ್ಲ. ಮಿನಿ ಸಮೋಸಾದ ಹೊದಿಕೆ ಕೆಲವು ಕಡೆ ಸೀಳಿ ಹೂರಣ ಎಣ್ಣೆಗೆ ಬಿತ್ತು. ವೆಜ್ ನಗೆಟ್ಸ್‌ನಲ್ಲಿ ತರಕಾರಿಯನ್ನು ಹುಡುಕಬೇಕಾಯಿತು. ಫ್ರೆಂಚ್ ಫ್ರೈ ಪಾಕೀಟು ತೆರೆದಾಗ ಎಲ್ಲ ಒಂದಕ್ಕೊಂದು ಅಂಟಿ ಗಡ್ಡೆಯಾಗಿತ್ತು. ಎಲ್ಲೋ ಒಂದು ಸಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂಬುದಕ್ಕೆ ಅದು ಗುರುತು. ಕಾರ್ಖಾನೆಯಲ್ಲೋ, ದಾರಿಯಲ್ಲೋ, ಅಂಗಡಿಯಲ್ಲೋ ಹೇಳಲಾಗದು. ಕರಿದಾಗ ಅದು ಎಣ್ಣೆ ಕುಡಿದು ಮೆತ್ತಗಾಯಿತು. ಖರ್ಚು ಭಜಿಗಿಂತ ಹೆಚ್ಚು ಬಿತ್ತು, ಸಮಯ ಮಾತ್ರ ನಿಜವಾಗಿಯೂ ಉಳಿಯಿತು.

ಎಲ್ಲವನ್ನೂ ತಿಂದು ನೋಡಿದ ಒಬ್ಬ ಆಯಿ ಹೇಳಿದರು: “ರುಚಿ ಕೆಟ್ಟಿಲ್ಲ ತಮ್ಮಾ. ಖರೆ, ನಾಕು ಪಾಕೀಟದಾಗೂ ಅದೇ ಆಲೂಗಡ್ಡಿ ಅದ.” ಲೇಬಲ್ ಓದಿದಾಗ ಅವರ ಮಾತು ಬಹುಪಾಲು ಸರಿಯಾಗಿತ್ತು.

ಆಗ ನಮ್ಮಲ್ಲೊಬ್ಬ, “ನೋಡ್ರಿ, ನಮ್ಮ ಸಂಡಿಗಿನೇ ಚೊಲೊ” ಎಂದ. ಅಲ್ಲೇ ಕೂತಿದ್ದ ಒಬ್ಬ ಮೌಶಿ ತಟ್ಟನೆ, “ತಿನ್ನೋರಿಗಿ ಚೊಲೋನೇ. ನಸಕಿನ್ಯಾಗ ಎದ್ದು ಹಿಟ್ಟು ತಿರುವಿದ ಕೈಗಿ ಕೇಳು” ಎಂದರು. ಯಾರೂ ಮಾತಾಡಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಮುಖ್ಯ ಫಲಿತಾಂಶ ಆ ಒಂದು ಮಾತು.

ಹಾಗಾದರೆ ಯಾವುದು ಸರಿ?

ಎರಡರ ಚರಿತ್ರೆಯನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅತಿಥಿಗೆಂದು ತಿಂಡಿ ಎತ್ತಿಡಲು ಎಲ್ಲ ಕಾಲದಲ್ಲೂ ಯಾರೋ ಬೆಲೆ ತೆತ್ತಿದ್ದಾರೆ. ಸಂಡಿಗೆಯ ಬೆಲೆಯನ್ನು ಹೆಂಗಸರ ಬೆನ್ನು ಮತ್ತು ಕೈಗಳು ತೆತ್ತವು. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಫ್ರೋಜನ್ ತಿಂಡಿಯ ಬೆಲೆಯನ್ನು ಜೇಬು ಮತ್ತು ಕರೆಂಟು ತೆರುತ್ತವೆ. ಅದರ ಲೆಕ್ಕ ಬಿಲ್ಲಿನಲ್ಲಿ ಬರುತ್ತದೆ. ಫ್ರೀಜರ್ ಹೆಂಗಸರ ಭಾರ ಇಳಿಸಿದ್ದರೆ ಅದನ್ನು ಬೈಯುವ ಅಧಿಕಾರ ಕೂತು ತಿನ್ನುವ ನಮಗಿಲ್ಲ.

ಭಾರ ಇಳಿಸಲು ಇನ್ನೊಂದು ದಾರಿಯೂ ಉಂಟು. ಆ ಶ್ರಮಕ್ಕೆ ಬೆಲೆ ಕೊಡುವುದು. 1959ರ ಮಾರ್ಚ್ 15ರಂದು ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಹಾಕಲು ಕೂತರು. ಅದೇ ಇಂದಿನ ಲಿಜ್ಜತ್ ಪಾಪಡ್. ಅಲ್ಲಿ ಹಪ್ಪಳ ಲಟ್ಟಿಸುವ ಹೆಂಗಸರೇ ಸಂಸ್ಥೆಯ ಒಡತಿಯರು. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಮ್ಮ ಆಯಿ, ಮೌಶಿಯರು ಪುಕ್ಕಟೆ ಮಾಡಿದ ಕೆಲಸವೇ ಅಲ್ಲಿ ಸಾವಿರಾರು ಮನೆಗಳ ಸಂಪಾದನೆಯಾಯಿತು.

ಇನ್ನೊಂದು ಪಾಠ ನಮ್ಮ ಉದಗೀರದಲ್ಲೇ ಇದೆ. ದೇವಣಿ ಹಸುಗಳ ಈ ಸೀಮೆಯಲ್ಲಿ ಸರ್ಕಾರಿ ಹಾಲಿನ ಪುಡಿ ಕಾರ್ಖಾನೆ ಇತ್ತು. ಹಾಲಿನ ನೀರು ತೆಗೆದು ಪುಡಿ ಮಾಡಿ ಕಾಪಾಡುವ ಕೆಲಸ, ಅಂದರೆ ಯಂತ್ರದ ಸಂಡಿಗೆ. ಅದು ಮುಚ್ಚಿ ವರ್ಷಗಳಾದ ಮೇಲೂ ಮತ್ತೆ ಆರಂಭಿಸಿ ಎಂಬ ಬೇಡಿಕೆ ನಿಂತಿಲ್ಲ. ಕಾಪಾಡುವ ಕೆಲಸ ಊರಿನಿಂದ ಹೋದರೆ ಅದರ ಜೊತೆ ದುಡಿಮೆಯೂ ಹೋಗುತ್ತದೆ.

ಲೂಕನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಿಮಗೆ ಗೊತ್ತು. ನಡುರಾತ್ರಿ ಒಬ್ಬನ ಮನೆಗೆ ಸ್ನೇಹಿತ ಬರುತ್ತಾನೆ. ಬಡಿಸಲು ಮನೆಯಲ್ಲಿ ಏನೂ ಇಲ್ಲ. ಅವನು ನೆರೆಮನೆಯ ಕದ ತಟ್ಟಿ ಮೂರು ರೊಟ್ಟಿ ಕೇಳುತ್ತಾನೆ. ಎಡೆಬಿಡದೆ ಪ್ರಾರ್ಥಿಸುವುದನ್ನು ಕಲಿಸುವ ಸಾಮತಿ ಅದು. ನಮ್ಮ ಓಣಿಯಲ್ಲಿ ಬೆಳೆದವರಿಗೆ ಅದರೊಳಗೆ ಇನ್ನೊಂದು ಮಾತೂ ಕೇಳಿಸುತ್ತದೆ. ಡಬ್ಬಿ ಖಾಲಿ ಇದ್ದಾಗ ತಟ್ಟಲು ಪಕ್ಕದ ಕದವೊಂದು ಇರಬೇಕು. ಮಾಳಿಗೆಯ ಸರದಿ ನಮಗೆ ಕೊಟ್ಟದ್ದು ಸಂಡಿಗೆಯನ್ನು ಮಾತ್ರ ಅಲ್ಲ, ಆ ಕದವನ್ನು ಕೂಡ.

ಆದ್ದರಿಂದ ಯುವಕೂಟದ ಮುಂದೆ ನನ್ನ ಸಲಹೆ ಹೀಗಿದೆ.

ಒಂದು, ದಿನ ಮತ್ತು ತಲೆಲೆಕ್ಕ ಮೊದಲೇ ಗೊತ್ತಿರುವ ಕಾರ್ಯಕ್ರಮಕ್ಕೆ ಮಕ್ಕಳಿಗಾಗಿ ಒಂದೆರಡು ಬಗೆಯ ಫ್ರೋಜನ್ ತಿಂಡಿ ತರೋಣ. ಅದೇ ದಿನ ತಂದು ಅದೇ ದಿನ ಕರಿಯೋಣ. ಪಾಕೀಟು ಮುಟ್ಟಿ ನೋಡಿ, ಒಳಗೆ ಗಡ್ಡೆ ಕಟ್ಟಿದ್ದರೆ ಬಿಟ್ಟುಬಿಡಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ. ಮನೆಯ ಫ್ರಿಜ್‌ನ ಫ್ರೀಜರ್ ಬಾಗಿಲಿನ ಮೇಲೆ ನಕ್ಷತ್ರದ ಗುರುತಿದ್ದರೆ ನೋಡಿ. ಒಂದು ನಕ್ಷತ್ರ ಅಂದರೆ ಮೈನಸ್ 6 ಡಿಗ್ರಿ, ಎರಡು ಅಂದರೆ ಮೈನಸ್ 12, ಮೂರು ಇದ್ದರೆ ಮಾತ್ರ ಮೈನಸ್ 18.

ಎರಡು, ಸಂಡಿಗೆ, ಹಪ್ಪಳವನ್ನು ತಾಯಂದಿರ ಸಂಘದಿಂದ ಪುಕ್ಕಟೆ ಪಡೆಯುವುದನ್ನು ನಿಲ್ಲಿಸೋಣ. ಪಾಕೀಟಿಗೆ ಹಣ ಕೊಡಲು ತಯಾರಿರುವ ನಾವು ಅವರ ಕೈಕೆಲಸಕ್ಕೂ ಅದೇ ನಿಧಿಯಿಂದ ಹಣ ಕೊಡೋಣ.

ಮೂರು, ಬರುವ ಏಪ್ರಿಲ್‌ನಲ್ಲಿ ಪಾಸ್ಕ ಹಬ್ಬ ಮುಗಿದ ಮೇಲೆ ಒಂದು ವಾರ ಚರ್ಚಿನ ಮಾಳಿಗೆಯ ಮೇಲೆ ಸಂಡಿಗೆ ಹಾಕೋಣ. ನೀರು ಹೊರುವುದು, ಹಿಟ್ಟು ತಿರುವುವುದು, ಒರಳು ಒತ್ತುವುದು ಹುಡುಗರ ಪಾಲಿಗೆ. ಆಯಿಯರು ಕುರ್ಚಿಯ ಮೇಲೆ ಕೂತು ಹೇಳಿಕೊಟ್ಟರೆ ಸಾಕು. ಕಾಗೆ ಕಾಯಲು ಭಾನುವಾರ ಶಾಲೆಯ ಮಕ್ಕಳಿದ್ದಾರೆ. ಆ ಮಕ್ಕಳನ್ನು ಕಾಯಲು ಇಬ್ಬರು ಹೆಸರು ಕೊಡಬೇಕು.

ಐದು ಸಾವಿರ ಜನ ಉಂಡ ಮೇಲೂ ಉಳಿದ ತುಂಡುಗಳನ್ನು ವ್ಯರ್ಥವಾಗದಂತೆ ಕೂಡಿಸಲು ಹೇಳಿದ ಕರ್ತರು ನಮ್ಮ ಡಬ್ಬಿಗಳನ್ನೂ, ಅವುಗಳನ್ನು ತುಂಬಿದ ಕೈಗಳನ್ನೂ ಆಶೀರ್ವದಿಸಲಿ. ಏಪ್ರಿಲ್ ವಾರಕ್ಕೆ ಬರುವವರು ರವಿವಾರ ಬಲಿಪೂಜೆಯ ನಂತರ ಯುವಕೂಟದ ಪಟ್ಟಿಯಲ್ಲಿ ಹೆಸರು ಬರೆಸಿ. ಹುಡುಗರು ಮೊದಲು.